ಸ್ವಂತ ಹೊಲದಲ್ಲಿ ಕೃಷಿ ಹೊಂಡ: ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ?

(ರೈತರ ಚರ್ಚಾ ವೇದಿಕೆಯ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಮಸಾರಿ ಹೊಲ

ಗದಗ ಜಿಲ್ಲೆ, ಮಳೆ ನಂಬಿದ ಜಮೀನು, 3 ಎಕರೆ 20 ಗುಂಟೆ. ಮೇಲ್ಭಾಗ ಮಸಾರಿ (ಕೆಂಪು ಮಣ್ಣು), ಕೆಳಗಿನ ಒಂದು ಎಕರೆ ಎರೆ (ಕಪ್ಪು ಮಣ್ಣು). ಕೆಳ ಅಂಚಿಗೆ ಹಳ್ಳ. ಪಹಣಿ ಮೂರು ಹೆಸರಿನಲ್ಲಿ ಜಂಟಿ. 21×21×3 ಮೀಟರ್ ಹೊಂಡ ಹೊಡೆಸಬೇಕು.

 ಎನ್‌.ಎ. (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸಬೇಕೇ? ಜೆಸಿಬಿ ಈ ವಾರ ಖಾಲಿ ಇದೆ. ಈಗ ಅಗೆಸಿ ಆಮೇಲೆ ಹೊಂಡಕ್ಕೆ ಸಬ್ಸಿಡಿ ಕೊಡುವ ಕೃಷಿ ಭಾಗ್ಯ ಯೋಜನೆಗೆ ಅರ್ಜಿ ಹಾಕಿದರೆ ನಡೆಯುತ್ತದೆಯೇ? ಇಟ್ಟಿಗೆ ಭಟ್ಟಿಯವರು ಮಣ್ಣು ಕೇಳುತ್ತಿದ್ದಾರೆ, ಕೊಡಬಹುದೇ? ತಿಳಿದವರು ಹೇಳಿ.

ಕಲಂ ಒಂಬತ್ತು

ಒಂದೊಂದಾಗಿ ನೋಡೋಣ.

ಎನ್‌.ಎ. ಬೇಡ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95(1)ನೇ ಕಲಂ ತೆಗೆದು ನೋಡಿ. ಸಾಗುವಳಿ ಜಮೀನಿನ ಹಿಡುವಳಿದಾರ ಬೇಸಾಯದ ಅನುಕೂಲಕ್ಕಾಗಿ ಅದರಲ್ಲಿ ಕಣಜ-ಕೊಟ್ಟಿಗೆಯಂಥ ಕಟ್ಟಡ ಕಟ್ಟಬಹುದು, ಬಾವಿ ತೋಡಬಹುದು, ಕೆರೆ-ಹೊಂಡ ಮಾಡಿಕೊಳ್ಳಬಹುದು. ಹೊಂಡದ ನೀರು ಅದೇ ಹೊಲದ ಬೆಳೆಗೆ ಹೋಗುವವರೆಗೆ ಅದು ಕೃಷಿಯೇ. ಅದೇ ಹೊಂಡದ ದಡದಲ್ಲಿ ರೆಸಾರ್ಟ್ ಕಟ್ಟಿದರೆ, ನೀರನ್ನು ಟ್ಯಾಂಕರಿಗೆ ತುಂಬಿ ಮಾರಿದರೆ ಈ ಕಲಂ ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ.

ಭಟ್ಟಿಗೆ ಮಣ್ಣು ಕೊಡುವುದು ಬೇರೆಯೇ ವಿಚಾರ. ಅಗೆದದ್ದನ್ನು ಅದೇ ಹೊಲದ ಬದುವಿಗೆ, ದಾರಿಗೆ, ತಗ್ಗು ತುಂಬಿಸಲು ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಹೊರಗೆ ಸಾಗಿಸಿ ಮಾರಿದರೆ ಅದು ಉಪಖನಿಜ. 1994ರ ಉಪಖನಿಜ ರಿಯಾಯಿತಿ ನಿಯಮಗಳಡಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು, ರಾಜಧನ ಕಟ್ಟಬೇಕು. ಇಲ್ಲದಿದ್ದರೆ ಟ್ರ್ಯಾಕ್ಟರ್ ಠಾಣೆ ಮುಂದೆ ನಿಲ್ಲುತ್ತದೆ, ಟ್ರಾಲಿ ಭಟ್ಟಿಯವರದ್ದಾದರೂ ಸರ್ವೆ ನಂಬರ್ ನಿಮ್ಮದು.

ನಿಜವಾಗಿ ಅನುಮತಿ ಬೇಕಾಗುವ, ಇಲ್ಲವೇ ಅನುಮತಿಯೇ ಸಿಗದ ಜಾಗಗಳು ಬೇರೆ ಇವೆ.

ಹಳ್ಳ ಮೊದಲನೆಯದು. ಪಹಣಿಯ 3ನೇ ಕಲಂನಲ್ಲಿ ಖರಾಬು ಎಷ್ಟು, ಅದು ಎ ಯೋ ಬಿ ಯೋ ನೋಡಿ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಕಲ್ಲು-ಗುಂಡಿ ಜಾಗ. ಬಿ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ನಿಮ್ಮ ನಂಬರಿನೊಳಗೇ ಇದ್ದರೂ ಅದು ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸರ್ಕಾರದ್ದು. ಹಳ್ಳದೊಳಗೆ ಹೊಂಡ ತೋಡಿದರೆ, ಹಳ್ಳಕ್ಕೆ ಅಡ್ಡ ಕಟ್ಟಿ ನೀರು ತಿರುಗಿಸಿದರೆ ಒತ್ತುವರಿ ಪ್ರಕರಣ ಆಗುತ್ತದೆ, ಕೆಳಗಿನ ಹೊಲದವರ ತಕರಾರು ಬೇರೆ.

ಎರಡನೆಯದು ಅನಿಲದ ಕೊಳವೆ ಮಾರ್ಗ. ದಾಭೋಲ್-ಬೆಂಗಳೂರು ಮಾರ್ಗ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರು ಕಡೆ ಹೊಲಗಳ ಅಡಿಯಲ್ಲೇ ಹಾದಿದೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯ 9ನೇ ಕಲಂ, ಕೊಳವೆಗಾಗಿ ಬಳಕೆಯ ಹಕ್ಕು ಪಡೆದ ಜಮೀನಿನ ಪಟ್ಟೆಯಲ್ಲಿ ಕೆರೆ, ಬಾವಿ, ಜಲಾಶಯ ತೋಡಬಾರದು ಎಂದು ನೇರವಾಗಿ ಹೇಳುತ್ತದೆ. ಮರ ನೆಡುವುದೂ ಇಲ್ಲ. ಉಳುಮೆ ಮಾಡಬಹುದು, ಅಷ್ಟೆ. ಪಹಣಿಯ 11ನೇ ಕಲಂ ನೋಡಿ. ಹೊಲದಲ್ಲಿ ಹಳದಿ ಗುರುತುಗಲ್ಲು ಇದ್ದರೆ ಯಂತ್ರ ಕರೆಸಲೇಬೇಡಿ.

ಮೂರನೆಯದು ಅರಣ್ಯ. ಅಧಿಸೂಚಿತ ಅರಣ್ಯದ ಅಂಚಿನ ಸರ್ವೆ ನಂಬರುಗಳಲ್ಲಿ ಗಡಿ ಗೊಂದಲ ಇದ್ದರೆ ಮೊದಲು ಜಂಟಿ ಸರ್ವೆ ಮಾಡಿಸಿ, ಆಮೇಲೆ ಹೊಂಡ.

ಹೋಬಳಿ ಕಟ್ಟೆ

ಸಬ್ಸಿಡಿ ಪ್ರಶ್ನೆಗೆ: ಈ ವಾರ ಜೆಸಿಬಿ ಇಳಿಸಬೇಡಿ. ಕಾರ್ಯಾದೇಶ ಕೈಗೆ ಬರುವ ಮೊದಲು ಅಗೆದ ಹೊಂಡಕ್ಕೆ ಸಹಾಯಧನ ಸಿಗುವುದಿಲ್ಲ. ಅಗೆಯುವ ಮುನ್ನ ಖಾಲಿ ಜಾಗದ ಫೋಟೋ ಅಕ್ಷಾಂಶ-ರೇಖಾಂಶ ಸಮೇತ ತೆಗೆಯುತ್ತಾರೆ. ಗುಂಡಿ ಆಗಲೇ ಇದ್ದರೆ ಆ ಫೋಟೋ ಎಲ್ಲಿಂದ ತರುತ್ತಾರೆ?

ದಾರಿ ಹೀಗಿದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಜೊತೆಗೆ ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ, ಭಾವಚಿತ್ರ, ಪರಿಶಿಷ್ಟ ಜಾತಿ/ಪಂಗಡ ಆಗಿದ್ದರೆ ಜಾತಿ ಪ್ರಮಾಣಪತ್ರ. ಇವೆಲ್ಲಕ್ಕಿಂತ ಮೊದಲು ರೈತರ ವಿವರ ಇರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇರಬೇಕು, ಅದರಲ್ಲಿ ಹೊಂಡ ಬರುವ ಸರ್ವೆ ನಂಬರೇ ಸೇರಿರಬೇಕು. ಎಫ್‌ಐಡಿ ಇದೆ ಎಂದು ನಿಶ್ಚಿಂತೆಯಿಂದ ಹೋಗುತ್ತಾರೆ, ನೋಡಿದರೆ ಮನೆ ಹಿಂದಿನ ಹತ್ತು ಗುಂಟೆ ಮಾತ್ರ ಸೇರಿರುತ್ತದೆ. ಆಮೇಲೆ ಸ್ಥಳ ಪರಿಶೀಲನೆ, ಮಂಜೂರಾತಿ, ಕಾರ್ಯಾದೇಶ, ಅಗೆತ, ಅಳತೆ, ಮುಗಿದ ಫೋಟೋ, ಕೊನೆಗೆ ಖಾತೆಗೆ ಹಣ. ಆಧಾರ್ ಜೋಡಣೆ ಆಗಿರುವ ಖಾತೆಗೇ ಹಣ ಬೀಳುವುದು. ಪಾಸ್‌ಬುಕ್ ಕೊಟ್ಟ ಬ್ಯಾಂಕು ಒಂದು, ಆಧಾರ್ ಜೋಡಣೆಯಾದ ಬ್ಯಾಂಕು ಇನ್ನೊಂದು ಆಗಿದ್ದರೆ "ಹಣ ಬಂದಿಲ್ಲ" ಎಂದು ಓಡಾಡುವುದೇ ಕೆಲಸ.

ಕೃಷಿ ಭಾಗ್ಯ 2014-15ರಲ್ಲಿ ಶುರುವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಬಂತು. ಅಳತೆಗಳು 10×10, 12×12, 15×15, 18×18, 21×21, ಎಲ್ಲದಕ್ಕೂ ಆಳ 3 ಮೀಟರ್. ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90. ತಂತಿ ಬೇಲಿಗೆ ಶೇ. 40 ಮತ್ತು 50. ಬದು, ಹೊಂಡ, ಬೇಲಿ, ಪಂಪು, ತುಂತುರು ಅಥವಾ ಹನಿ ನೀರಾವರಿ ಎಲ್ಲ ಸೇರಿ ಒಂದು ಪ್ಯಾಕೇಜು. ಬರೀ ಪಂಪು ಕೊಡಿ ಎಂದರೆ ಕೊಡುವುದಿಲ್ಲ. ಕಾಲುವೆ ಅಚ್ಚುಕಟ್ಟಿನ ಜಮೀನಿಗೆ ಇದು ಅಲ್ಲ, ಮಳೆಯಾಶ್ರಿತಕ್ಕೆ ಮಾತ್ರ. ಆಯಾ ವರ್ಷದ ತಾಲ್ಲೂಕು ಪಟ್ಟಿ ಮತ್ತು ಗುರಿ ಕೇಂದ್ರದಲ್ಲೇ ಕೇಳಿ. ಗುರಿ ಮುಗಿದರೆ ಅರ್ಜಿ ಮುಂದಿನ ವರ್ಷಕ್ಕೆ ಕೂರುತ್ತದೆ.

ತೋಟದ ಬೆಳೆಗಾದರೆ ತೋಟಗಾರಿಕೆ ಇಲಾಖೆಯಲ್ಲೂ ಹೊಂಡದ ಯೋಜನೆ ಇದೆ. ಒಂದೇ ಹೊಂಡಕ್ಕೆ ಎರಡೂ ಕಡೆ ಅರ್ಜಿ ಹಾಕುವ ಜಾಣತನ ಬೇಡ, ಎಫ್‌ಐಡಿಯಲ್ಲಿ ಸಿಕ್ಕಿಬೀಳುತ್ತದೆ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಿದರೆ ಯಂತ್ರ ಇಳಿಸುವ ಮಾತೇ ಇಲ್ಲ, ಕೂಲಿ ಕೈಯಿಂದಲೇ ಅಗೆಯಬೇಕು.

ಎರಿ ಮಣ್ಣು

ಕಾನೂನು ಎಲ್ಲಾ ಖರೆ ಐತ್ರಿ. ಆದ್ರ 21×21 ಯಾಕ ಬೇಕು ಅಂತ ಯಾರೂ ಕೇಳವಲ್ರಿ. ಸಬ್ಸಿಡಿ ದೊಡ್ಡದು ಅಂತ ದೊಡ್ಡ ಹೊಂಡ ಹೊಡಸ್ತಾರ, ತುಂಬೂದಿಲ್ಲ, ಆಮ್ಯಾಲ ಅದರಾಗ ಜಾಲಿಗಿಡ ಬೆಳೀತಾವ. ಹೊಲದ ಲೆಕ್ಕಕ್ಕ ಹೊಂಡ ಇರ್ಬೇಕು, ಅರ್ಜಿ ಲೆಕ್ಕಕ್ಕಲ್ಲ.

ಇನ್ನೊಂದು, ಎರಿ ಮಣ್ಣಿನ್ಯಾಗ ಗ್ವಾಡಿ ನೆಟ್ಟಗ ಕಡಸ್ಬ್ಯಾಡ್ರಿ. ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ಮೊದಲ ಮಳಿಗೆ ಆ ಬಿರುಕಿನ್ಯಾಗ ನೀರ ಇಳದು ಗಡ್ಡಿಗಡ್ಡಿನ ಜಾರಿ ಬೀಳ್ತೈತಿ. ಮಸಾರಿಗೆ 1ಕ್ಕ 1 ಇಳಿಜಾರ ನಡಿತೈತಿ. ಎರಿಗೆ 1.5ಕ್ಕ 1 ಬೇಕ ಬೇಕು. ಅಂದ್ರ 3 ಮೀಟರ್ ಕೆಳಗ ಇಳಿಯೂದ್ರಾಗ ನಾಕೂವರಿ ಮೀಟರ್ ಒಳಗ ಸರೀಬೇಕು.

ಲೆಕ್ಕದ ಹಾಳೆ

ಎರಿ ಮಣ್ಣಿನವರ ಮಾತಿಗೆ ಅಂಕಿ ಹಾಕುತ್ತೇನೆ. ಹೊಂಡದ ಗಾತ್ರ ಎಂದರೆ 21×21×3 = 1,323 ಅಲ್ಲ. ಇಳಿಜಾರು ಇರುವುದರಿಂದ ಮೇಲಿನ ಕ್ಷೇತ್ರ, ತಳದ ಕ್ಷೇತ್ರ, ಎರಡರ ಗುಣಲಬ್ಧದ ವರ್ಗಮೂಲ, ಈ ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ 3ರಿಂದ ಭಾಗಿಸಬೇಕು.

1:1 ಇಳಿಜಾರಿಗೆ ತಳ 15×15. 441 + 225 + 315 = 981 ಘನ ಮೀಟರ್. ಅದೂ ಕಂಠಮಟ್ಟ ತುಂಬಿದರೆ. ಕೋಡಿ 30 ಸೆಂ.ಮೀ. ಕೆಳಗಿರುವುದರಿಂದ ನಿಲ್ಲುವುದು ಸುಮಾರು 850 ಘ.ಮೀ., ಅಂದರೆ 8.5 ಲಕ್ಷ ಲೀಟರ್. 1.5:1 ಮಾಡಿದರೆ ತಳ 12×12, ನಿಲ್ಲುವುದು 7.1 ಲಕ್ಷ ಲೀಟರ್.

ಈಗ ತುಂಬುವ ಲೆಕ್ಕ. ಹೊಂಡಕ್ಕೆ ಹರಿಯುವ ಜಾಗ 3 ಎಕರೆ, 12,000 ಚದರ ಮೀಟರ್ ಎನ್ನಿ. 40 ಮಿ.ಮೀ.ಯ ಒಂದು ಜೋರು ಮಳೆ, ಅದರಲ್ಲಿ ಕಾಲು ಭಾಗ ಹರಿದು ಬಂದರೆ 120 ಘ.ಮೀ. 21ರ ಹೊಂಡ ತುಂಬಲು ಅಂಥ ಏಳು ಮಳೆ ಬೇಕು. ಒಂದೇ ಸಮ ಬದು ಹಾಕಿದ ಹೊಲದಲ್ಲಿ ಕಾಲು ಭಾಗವೂ ಹರಿಯುವುದಿಲ್ಲ, ತುಂತುರು ಮಳೆಯಂತೂ ಲೆಕ್ಕಕ್ಕೇ ಇಲ್ಲ. 18×18, 1.5:1 ಇಳಿಜಾರಿನಲ್ಲಿ ತಳ 9×9, ನಿಲ್ಲುವುದು 4.7 ಲಕ್ಷ ಲೀಟರ್. ನಾಲ್ಕು ಮಳೆಗೆ ತುಂಬುತ್ತದೆ. ಖಾಲಿ ಮಾಡಿದ ಮೇಲೆ ಹಿಂಗಾರಿಗೆ ಮತ್ತೆ ತುಂಬಿಸಿಕೊಳ್ಳಲೂ ಅವಕಾಶ.

ಬಳಕೆ: ಒಂದು ಎಕರೆಗೆ 25 ಮಿ.ಮೀ. ಒಂದು ತೇವ ಕೊಡಲು 1 ಲಕ್ಷ ಲೀಟರ್. ಕಡಲೆ ಹೂ ಬಿಡುವಾಗ ಒಂದು, ಕಾಯಿ ಕಟ್ಟುವಾಗ ಒಂದು ಎಂದು ಎರಡು ತೇವ ಹಿಡಿದರೆ ಎರಡು ಎಕರೆಗೆ 4 ಲಕ್ಷ. 18ರ ಹೊಂಡ ಅದಕ್ಕೆ ಸರಿಯಾಗಿ ಹೊಂದುತ್ತದೆ.

ಜಾಗದ ಖರ್ಚು ಮರೆಯಬೇಡಿ. 21ರ ಹೊಂಡ, ಸುತ್ತ ಒಂದೂವರೆ ಮೀಟರ್ ಖಾಲಿ ಅಂಚು, ಆಚೆಗೆ ಬುಡದಲ್ಲಿ ಮೂರೂವರೆ ಮೀಟರ್ ಅಗಲದ ಏರಿ ಸೇರಿ 31×31 ಮೀಟರ್. ಒಂಬತ್ತೂವರೆ ಗುಂಟೆ ಹೋಯಿತು. ಒಂದು ಎಕರೆಯವನಿಗೆ ಅದು ಕಾಲು ಹೊಲ.

ಮಸಾರಿ ಹೊಲ

18×18ಕ್ಕೆ ಇಳಿಯುತ್ತೇನೆ. ಜಂಟಿ ಪಹಣಿಗೆ ಏನು ಮಾಡಬೇಕು? ಇನ್ನಿಬ್ಬರಲ್ಲಿ ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರು ತೀರಿಕೊಂಡಿದ್ದಾರೆ. ಮತ್ತೆ ಹಳ್ಳ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಗೆ ತಿಳಿಯುವುದು?

ಕಲಂ ಒಂಬತ್ತು

ತೀರಿಕೊಂಡವರ ಹೆಸರು ಪಹಣಿಯ 9ನೇ ಕಲಂನಲ್ಲಿ ಹಾಗೇ ಇದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ). ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಕೊಟ್ಟು ನಾಡಕಚೇರಿಯಲ್ಲಿ ಅರ್ಜಿ ಹಾಕಿ. ನೋಟಿಸಿನ ಅವಧಿ ಮುಗಿದು, ತಕರಾರು ಬರದಿದ್ದರೆ ಮ್ಯುಟೇಶನ್ ಆಗುತ್ತದೆ. ತಕರಾರು ಬಂದರೆ ಈ ವರ್ಷದ ಹೊಂಡ ಮರೆತುಬಿಡಿ.

ಊರಲ್ಲಿಲ್ಲದವರಿಂದ ಒಪ್ಪಿಗೆ ಪತ್ರ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ, ಹೊಂಡದ ಅಳತೆ, ಹೊಲದ ಯಾವ ದಿಕ್ಕು, ಸಹಾಯಧನ ಯಾರ ಖಾತೆಗೆ, ನೀರಿನ ಹಕ್ಕು ಯಾರಿಗೆ ಎಂಬುದೆಲ್ಲ ಬರಲಿ. "ನನ್ನದೇನೂ ತಕರಾರಿಲ್ಲ" ಎಂಬ ಒಂದು ಸಾಲಿನ ಪತ್ರ ಇಲಾಖೆಗೆ ಸಾಕಾಗಬಹುದು. ಹತ್ತು ವರ್ಷ ಬಿಟ್ಟು ಪಾಲಾಗುವಾಗ ಹೊಂಡ ಯಾರ ಪಾಲಿಗೆ ಎಂಬ ಜಗಳಕ್ಕೆ ಸಾಕಾಗುವುದಿಲ್ಲ. ಪಾಲು ಆಗುವುದೇ ಖಚಿತ ಎಂದಿದ್ದರೆ 11ಇ ನಕ್ಷೆ (ಪಾಲಿಗೂ ಮೊದಲಿನ ಸರ್ವೆ ನಕ್ಷೆ) ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ, ನಿಮ್ಮ ಹೆಸರಿನ ಪಹಣಿಯಲ್ಲೇ ಹೊಂಡ ತೋಡಿಸುವುದು ಶುದ್ಧ ದಾರಿ. ನಿಧಾನ, ಆದರೆ ಶುದ್ಧ.

ಹಳ್ಳದ ಗಡಿಗೆ, ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಅಂದಾಜಿಗೆ ಮಾತ್ರ. ಮೊಬೈಲಿನ ಚುಕ್ಕಿ ಐದಾರು ಮೀಟರ್ ಅತ್ತಿತ್ತ ಓಡಾಡುತ್ತದೆ. ಗ್ರಾಮ ನಕ್ಷೆ, ಆಕಾರ್‌ಬಂದ್ (ವಿಸ್ತೀರ್ಣ-ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಪ್ರತಿ ತೆಗೆಸಿ. ಟಿಪ್ಪಣಿಯಲ್ಲಿ ಖರಾಬು ಎಲ್ಲಿ ಎಂಬುದು ಅಳತೆ ಸಮೇತ ಇರುತ್ತದೆ. ಅನುಮಾನ ಉಳಿದರೆ ಹದ್ದುಬಸ್ತಿಗೆ (ಸರ್ವೆಯವರಿಂದ ಗಡಿ ಗುರುತಿಸಲು) ಅರ್ಜಿ ಹಾಕಿ ಕಲ್ಲು ನೆಡಿಸಿ. ಹೊಂಡದ ಏರಿಯ ಬುಡ ಪಕ್ಕದ ಹೊಲದ ಗಡಿಯಿಂದ 3 ಮೀಟರಾದರೂ ಒಳಗಿರಲಿ. ಏರಿ ಜರಿದರೆ, ನೀರು ಜಿನುಗಿದರೆ ನಿಮ್ಮ ಹೊಲದೊಳಗೇ ಆಗಲಿ. ಪಕ್ಕದವರ ಮೆಣಸಿನಗಿಡಕ್ಕೆ ಜೌಗು ಹಿಡಿಯಿತು ಎಂಬ ದೂರು ಬಹಳ ಬೇಗ ಬರುತ್ತದೆ.

ಹಿಟಾಚಿ ಗಂಟೆ

ಅಗೆತದ ವಿಚಾರ. ಹೆಚ್ಚಿನ ತಪ್ಪು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ.

ನಾಲ್ಕು ಮೂಲೆಗೆ ಗೂಟ, ಸುಣ್ಣದ ಗೆರೆ. ಬದಿ 18 ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ, ಕರ್ಣ ಹಿಡಿಯಿರಿ. 18ಕ್ಕೆ ಎರಡೂ ಕರ್ಣ 25.46 ಮೀಟರ್ ಬರಬೇಕು. ಅರ್ಧ ಮೀಟರ್ ವ್ಯತ್ಯಾಸ ಬಂದರೂ ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಹಾಕುವಾಗ ಒಂದು ಮೂಲೆಯಲ್ಲಿ ಮಡಿಕೆ, ಇನ್ನೊಂದರಲ್ಲಿ ಕೊರತೆ. ಒಳಗೆ ತಳದ 9×9 ಚೌಕವನ್ನೂ ಗೆರೆ ಹಾಕಿ, ಅದರ ಕರ್ಣ 12.73.

ಮೊದಲು ಇಡೀ ಮೇಲ್ಮೈಯ ಒಂದಡಿ ಮೇಲ್ಮಣ್ಣು ಕೆರೆದು ಬೇರೆ ಗುಡ್ಡೆ ಹಾಕಿ. ಅದು ಸುಮಾರು 100 ಘ.ಮೀ. ಅದೇ ಹೊಲದ ಬಂಗಾರ, ಕೊನೆಗೆ ಮೇಲೆ ಹರಡಲು ಬೇಕು. ಆಮೇಲೆ ನಡುವಿನ 9×9 ಅನ್ನು ನೇರ 3 ಮೀಟರ್ ಇಳಿಸಿ, ಕೊನೆಗೆ ಮೇಲಿನ ಗೆರೆಯಿಂದ ತಳದ ಗೆರೆಗೆ ಇಳಿಜಾರು ಕೆತ್ತಿಸಿ. ಮೇಲಿನಿಂದಲೇ ಓರೆಯಾಗಿ ಅಗೆಯುತ್ತಾ ಹೋದರೆ ತಳ ಎಲ್ಲಿಗೆ ಮುಟ್ಟುತ್ತದೆ ಎಂದು ಚಾಲಕನಿಗೂ ಗೊತ್ತಾಗುವುದಿಲ್ಲ. ಅಳತೆಗೆ ಬಂದಾಗ ತಳ 7×7 ಸಿಕ್ಕು ಬಿಲ್ ಕಡಿಮೆಯಾಗುತ್ತದೆ.

18ರ ಹೊಂಡದ ಅಗೆತ 567 ಘ.ಮೀ. ಜೆಸಿಬಿ ಮೆದು ಮಣ್ಣಿನಲ್ಲಿ ಗಂಟೆಗೆ 30-40 ಘ.ಮೀ. ತೆಗೆದರೆ 14-19 ಗಂಟೆ. ದೊಡ್ಡ ಹಿಟಾಚಿ ಒಂದೇ ದಿನದ ಕೆಲಸ. ಆದರೆ ಅದನ್ನು ಟ್ರೈಲರಿನಲ್ಲಿ ತರುವ ಬಾಡಿಗೆ ಕೇಳಿಕೊಳ್ಳಿ. ಅಕ್ಕಪಕ್ಕ ಎರಡು ಮೂರು ಹೊಂಡ ಇದ್ದರೆ ಮಾತ್ರ ಅದು ಗಿಟ್ಟುತ್ತದೆ.

ಅಗೆದ ಮಣ್ಣು ಅರಳುತ್ತದೆ, 567 ಇದ್ದದ್ದು 700 ಆಗುತ್ತದೆ. 3 ಘ.ಮೀ. ಹಿಡಿಯುವ ಟ್ರಾಲಿಯಲ್ಲಿ 230 ಟ್ರಿಪ್. ಇಷ್ಟನ್ನೂ ಏರಿಗೆ ಒಟ್ಟಿದರೆ ಅದು ಗುಡ್ಡವಾಗುತ್ತದೆ, ಭಾರಕ್ಕೆ ಹೊಂಡದ ಗೋಡೆ ಒಳಗೆ ಕುಸಿಯುತ್ತದೆ. ಏರಿ ಒಂದು ಮೀಟರ್ ಎತ್ತರ ಸಾಕು. ಉಳಿದದ್ದು ಬದು, ಬಂಡಿದಾರಿ, ತಗ್ಗಿಗೆ. ಮಸಾರಿಯ ಮೇಲೆ ತೆಳ್ಳಗೆ ಎರೆ ಹರಡಿದರೆ ತೇವ ಹಿಡಿಯುತ್ತದೆ, ಆದರೆ 2 ಮೀಟರ್ ಕೆಳಗಿನ ಸುಣ್ಣಕಲ್ಲಿನ ಗರಸು ಹರಡಬೇಡಿ.

ಮತ್ತೆ, ದಯವಿಟ್ಟು, ನೀರು ಬರುವ ಮೇಲ್ಬದಿಗೆ ಮಣ್ಣು ಒಟ್ಟಬೇಡಿ. ಚಾಲಕನಿಗೆ ಅದೇ ಹತ್ತಿರ ಎಂದು ಅಲ್ಲೇ ಸುರಿಯುತ್ತಾನೆ. ಮಳೆ ಬಂದಾಗ ನೀರು ಏರಿಯನ್ನು ಸುತ್ತಿ ಹಳ್ಳಕ್ಕೆ ಹೋಗುತ್ತದೆ, ಹೊಂಡ ಒಣಗಿಯೇ ಇರುತ್ತದೆ. ಕರೆಂಟ್ ತಂತಿ ಕೆಳಗೂ ಗುಡ್ಡೆ ಬೇಡ. ತಂತಿಗೂ ನೆಲಕ್ಕೂ ಇರುವ ಅಂತರ ಕಮ್ಮಿಯಾಗುತ್ತದೆ, ಯಂತ್ರದ ತೋಳು ತಾಗಿದರೆ ಜೀವಕ್ಕೇ ಸಂಚಕಾರ.

ಲೆಕ್ಕದ ಹಾಳೆ

ಒಳಹರಿವಿನ ಪೈಪು ಎಲ್ಲರೂ ಚಿಕ್ಕದು ಹಾಕುತ್ತಾರೆ. ಒಂದು ಹೆಕ್ಟೇರಿನಿಂದ ಗಂಟೆಗೆ 50 ಮಿ.ಮೀ. ವೇಗದ ಮಳೆಯಲ್ಲಿ ಮೂರನೇ ಒಂದರಷ್ಟು ಹರಿದರೂ ಸೆಕೆಂಡಿಗೆ 40 ಲೀಟರಿಗಿಂತ ಹೆಚ್ಚು ಬರುತ್ತದೆ. 160 ಮಿ.ಮೀ. ಪಿವಿಸಿ ಒಂದರಲ್ಲಿ 25-35 ಲೀಟರ್ ಹೋದೀತು. ಹಾಗಾಗಿ ಹೆಕ್ಟೇರಿಗೆ ಎರಡು ಪೈಪು. ಅವುಗಳ ಮುಂದೆ 2×2 ಮೀಟರ್, ಒಂದು ಮೀಟರ್ ಆಳದ ಹೂಳುಗುಂಡಿ. ನೀರು ಅಲ್ಲಿ ನಿಂತು, ಮಣ್ಣು ಇಳಿಸಿ, ಪೈಪಿಗೆ ಬರಬೇಕು. ಪ್ರತಿ ಜೋರು ಮಳೆಯ ನಂತರ ಆ ಗುಂಡಿ ಬಗೆಯಬೇಕು. ಕೋಡಿಯೂ ಅಷ್ಟೇ ನೀರು ಹೋಗುವಷ್ಟು ಅಗಲ, ಕಲ್ಲು ಹಾಸಿ, ಹುಲ್ಲು ಇರುವ ಕಡೆಗೆ. ಕೋಡಿಯ ನೀರು ಪಕ್ಕದವರ ಬದುವಿಗೆ ಬೀಳದಂತೆ ಹಳ್ಳಕ್ಕೇ ಸೇರಿಸಿ.

ಹಾಳೆ ಕೆಲಸ

ಹಾಳೆ ಬಗ್ಗೆ ನನ್ನ ಪಾಲು.

ಅಳತೆ ಮೊದಲು. 18ರ ಹೊಂಡ, 1.5:1 ಇಳಿಜಾರಿಗೆ ಓರೆ ಉದ್ದ 5.4 ಮೀಟರ್. ತಳ 9 + ಎರಡು ಓರೆ 10.8 + ಎರಡೂ ಕಡೆ ಅಂಚಿನ ಕಾಲುವೆಗೆ ತಲಾ ಒಂದೂವರೆ = 23 ಮೀಟರ್. 23×23, ಒಂದೇ ತುಂಡಾಗಿ ಕಾರ್ಖಾನೆಯಲ್ಲಿ ಬಿಸಿ ಬೆಸುಗೆ ಹಾಕಿಸಿ ತರಿಸಿ. ಹೊಲದಲ್ಲಿ ಧೂಳು ಕೂತ ಅಂಚಿಗೆ ಬೆಸುಗೆ ಹಿಡಿಯುವುದಿಲ್ಲ. ಹೊಂಡ ಮುಗಿದ ಮೇಲೆ ಟೇಪು ಹಿಡಿದು ಅಳೆದು ಹಾಳೆ ಹೇಳಿ. ಕಾಗದದ ಅಳತೆಗೆ ತರಿಸಿದ ಹಾಳೆ ಯಾವಾಗಲೂ ಅರ್ಧ ಮೀಟರ್ ಸಾಲುವುದಿಲ್ಲ.

500 ಮೈಕ್ರಾನ್ ಎಂದು ಕೊಟ್ಟದ್ದು ನಿಜವಾಗಿ 500 ಇದೆಯೇ? ಅಂಚಿನಿಂದ 10×10 ಸೆಂ.ಮೀ. ತುಂಡು ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿಡಿ. ಎಚ್‌ಡಿಪಿಇ ಫಿಲ್ಮ್ ಆಗಿದ್ದರೆ 4.7 ಗ್ರಾಂ ಆಸುಪಾಸು ತೂಗಬೇಕು. 3 ಗ್ರಾಂ ತೂಗಿದರೆ ಅದು 300 ಮೈಕ್ರಾನಿನ ಮಾಲು. ನೇಯ್ದು ಲ್ಯಾಮಿನೇಟ್ ಮಾಡಿದ ಹಾಳೆಗೆ ಈ ಲೆಕ್ಕ ಹೊಂದುವುದಿಲ್ಲ. ಅದಕ್ಕೆ ಐಎಸ್ 15351 ಗುರುತು, ಅದರಲ್ಲಿ ಬರೆದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ನೋಡಿ.

ಹಾಸುವ ಮುಂಚೆ ಗೋಡೆಯ ಕಲ್ಲು, ಬೇರಿನ ಮೊನೆ ಕೈಯಿಂದಲೇ ಆಯಬೇಕು. ಅಂಗೈ ಸವರಿ ನೋಡಿ, ಅಂಗೈಗೆ ಚುಚ್ಚಿದ್ದು ಹಾಳೆಗೂ ಚುಚ್ಚುತ್ತದೆ. ಜೇಕು ಕಳೆಯ ಗಡ್ಡೆ ಇದ್ದರೆ ಬಿಡಬೇಡಿ, ಅದರ ಮೊಳಕೆ ಸೂಜಿಯಂತೆ ಹಾಳೆ ತೂರಿ ಮೇಲೆ ಬರುತ್ತದೆ. ಜರಡಿ ಹಿಡಿದ ಮಣ್ಣು ಎರಡು ಇಂಚು ಬಳಿದು, ನೀರು ಚಿಮುಕಿಸಿ ತಟ್ಟಿ.

ನಡುಹಗಲಲ್ಲಿ ಬಿಗಿಯಾಗಿ ಎಳೆದು ಹಾಸಬೇಡಿ. ಬಿಸಿಲಿಗೆ ಹಿಗ್ಗಿದ ಹಾಳೆ ರಾತ್ರಿ ಕುಗ್ಗುತ್ತದೆ. 23 ಮೀಟರಿಗೆ ಹತ್ತು ಸೆಂ.ಮೀ.ವರೆಗೂ ಕುಗ್ಗಿ, ಗೋಡೆ-ತಳ ಸೇರುವ ಮೂಲೆಯಲ್ಲಿ ನೆಲ ಬಿಟ್ಟು ಡೋಲಿನ ಚರ್ಮದ ಹಾಗೆ ನಿಲ್ಲುತ್ತದೆ. ನೀರು ಬಿದ್ದಾಗ ಅಲ್ಲೇ ಹರಿಯುವುದು. ಬೆಳಿಗ್ಗೆ ಹಾಸಿ, ಸಡಿಲ ಬಿಡಿ. ಮೊದಲು ತಳಕ್ಕೆ ಒಂದಡಿ ನೀರು ಬಿಟ್ಟು ಹಾಳೆ ಕೂರಿಸಿಕೊಳ್ಳಲಿ, ಆಮೇಲೆ ಅಂಚನ್ನು ಅರ್ಧ ಮೀಟರ್ ಆಳದ ಕಾಲುವೆಗೆ ಇಳಿಸಿ ಮಣ್ಣು ಮುಚ್ಚಿ. ಹೊಂಡ ಬರಿದಾದಾಗಲೂ ಆ ಒಂದಡಿ ನೀರು ಬಿಟ್ಟಿರಬೇಕು, ಇಲ್ಲದಿದ್ದರೆ ಗಾಳಿಗೆ ಹಾಳೆ ಎದ್ದು ಬಡಿದುಕೊಂಡು ಬೆಸುಗೆ ಬಿಡುತ್ತದೆ.

ಎರಿ ಮಣ್ಣು

ಎರಿಗೆ ಹಾಳಿ ಯಾಕ್ರಿ? ತುಂಬಿದ ಮ್ಯಾಲ ಬಿರುಕು ತಾನ ಮುಚ್ಚಿಕೊಂಡು ನೀರ ನಿಲ್ಲತೈತಿ. ರೊಕ್ಕ ಉಳಸ್ರಿ.

ಹಾಳೆ ಕೆಲಸ

ಅಚ್ಚ ಎರೆ 3 ಮೀಟರಿಗೂ ಇದ್ದರೆ ನಿಮ್ಮ ಮಾತು ಸರಿ ಅಣ್ಣಾ, ಅಲ್ಲಿ ಹಾಳೆ ದಂಡ. ಆದರೆ ಇವರದ್ದು ಮಸಾರಿಯ ಕೆಳಗಿನ ಎರೆ. ಮೇಲೆ ಒಂದೂವರೆ ಮೀಟರ್ ಕಪ್ಪು, ಕೆಳಗೆ ಗರಸು ಸಿಕ್ಕರೆ ಜರಡಿಯಲ್ಲಿ ನೀರು ಹಿಡಿದ ಹಾಗೆ. ಅಗೆದ ಮೇಲೆ ತಳದಲ್ಲಿ ಒಂದು ಮೀಟರ್ ಚೌಕ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಕಡ್ಡಿಗೆ ಗುರುತು ಹಾಕಿ. ಮೊದಲ ದಿನ ಕುಡಿಯುತ್ತದೆ, ಬಿಡಿ. ಎರಡನೇ ದಿನ ಮತ್ತೆ ತುಂಬಿ 24 ಗಂಟೆ ನೋಡಿ. ಒಂದು ಸೆಂ.ಮೀ. ಇಳಿದರೆ ಆವಿಯೇ ಹೆಚ್ಚು, ಹಾಳೆ ಬೇಡ. ಐದಾರು ಸೆಂ.ಮೀ. ಇಳಿದರೆ ಹಾಳೆ ಹಾಕಿಸಿ.

ಎರಿ ಮಣ್ಣು

ಇದು ಒಪ್ಪಿದೆ.

ಕೋಲಾರದ ಹನಿ

ಆವಿಯ ಮಾತು ಬಂದದ್ದಕ್ಕೆ: ದಿನಕ್ಕೆ 6 ಮಿ.ಮೀ. ಹಿಡಿದರೆ 18ರ ಹೊಂಡದಿಂದ ದಿನಕ್ಕೆ ಸುಮಾರು 1,900 ಲೀಟರ್ ಆಕಾಶಕ್ಕೆ. ನೀರು ಇದ್ದಾಗ ಕೊಡಿ, ಬೇಸಿಗೆಗೆಂದು ಕೂಡಿಡಬೇಡಿ.

ನಮ್ಮ ಕಡೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹೊಂಡ ತುಂಬುವುದು ಮಳೆಯಿಂದ ಅಲ್ಲ, ಬೋರಿನಿಂದ. ರಾತ್ರಿ ಕರೆಂಟ್ ಇದ್ದಾಗ ಎತ್ತಿ, ಬೆಳಿಗ್ಗೆ ಟೊಮೆಟೊಗೆ ಹನಿ ಬಿಡುತ್ತಾರೆ. ಅದಕ್ಕೆ ಹೊಸ ಬೋರ್ ಕೊರೆಸುವುದಾದರೆ ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯಡಿ ಜಿಲ್ಲಾ ಸಮಿತಿಯ ಅನುಮತಿ ಮೊದಲು ಬೇಕು. ಕಾಲುವೆಗೆ ಪಂಪಿಟ್ಟು ಹೊಂಡ ತುಂಬಿಸುವುದು 1965ರ ನೀರಾವರಿ ಕಾಯ್ದೆಯಲ್ಲಿ ಅಪರಾಧ, 2024ರ ತಿದ್ದುಪಡಿ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿದೆ.

ಹೊಂಡದ ನೀರು ಹನಿಗೆ ಹೋಗುವುದಾದರೆ ಬರೀ ಸ್ಕ್ರೀನ್ ಫಿಲ್ಟರ್ ಸಾಲದು. ಪಾಚಿ ಕಟ್ಟುತ್ತದೆ. ಮರಳಿನ ಫಿಲ್ಟರ್ ಮೊದಲು, ಸ್ಕ್ರೀನ್ ಆಮೇಲೆ. ಪಂಪಿನ ಹೀರುಬಾಯಿ ತಳಕ್ಕೆ ತಾಗಬಾರದು. ಖಾಲಿ ಡ್ರಮ್ಮಿಗೆ ಕಟ್ಟಿ, ಮೇಲ್ಮೈಗಿಂತ ಒಂದೂವರೆ ಅಡಿ ಕೆಳಗೆ ತೇಲಿಸಿ.

ಹೋಬಳಿ ಕಟ್ಟೆ

ಬೇಲಿಯನ್ನು ಕೊನೆಗೆ ಎಂದು ಬಿಡಬೇಡಿ. ಹಾಳೆ ಹಾಕಿದ ದಿನವೇ ಬೇಲಿ ಆಗಿರಬೇಕು. ಹೊಂಡದಲ್ಲಿ ಸಾಯುವವರು ಈಜು ಬಾರದವರು ಮಾತ್ರ ಅಲ್ಲ. ನೀರಿಗೆ ಮುಳುಗಿದ ಹಾಳೆಯ ಮೇಲೆ ಕೆಲವೇ ತಿಂಗಳಲ್ಲಿ ಹಸಿರು ಲೋಳೆ ಕೂರುತ್ತದೆ. ಕಾಲಿಟ್ಟರೆ ಸಾಬೂನಿನ ಮೇಲೆ ಇಟ್ಟಂತೆ, ಉಗುರಿಗೂ ಹಿಡಿತ ಸಿಗುವುದಿಲ್ಲ. ಈಜಿ ದಡಕ್ಕೆ ಬಂದವನೂ ಹತ್ತಲಾರದೆ ಸೋಲುತ್ತಾನೆ. ಕರು ಬಿದ್ದರೂ ಇದೇ ಕಥೆ.

ಖಾಲಿ ಅಂಚಿನ ಹೊರಗೆ, ಏರಿಯ ಒಳಬದಿಗೆ ಐದು ಅಡಿ ಜಾಲರಿ. 18ರ ಹೊಂಡಕ್ಕೆ ಎರಡೂ ಕಡೆಯ ಖಾಲಿ ಅಂಚು ಸೇರಿ ಬದಿ 21 ಮೀಟರ್, ಸುತ್ತಳತೆ 84, ಮೂರು ಮೀಟರಿಗೊಂದು ಕಲ್ಲುಕಂಬ ಎಂದರೆ 28, ಮೂಲೆ ಮತ್ತು ಬಾಗಿಲಿಗೆ ಊರುಗಂಬ ಬೇರೆ. ನಾಲ್ಕೂ ಬದಿಗೆ ಒಂದೊಂದು ಹಗ್ಗ, ಅಡಿಗೊಂದು ಗಂಟು ಹಾಕಿ, ಕಂಬಕ್ಕೆ ಬಿಗಿದು ತಳದವರೆಗೆ ಇಳಿಬಿಡಿ. 8 ಮೀಟರ್ ಬೇಕಾಗುತ್ತದೆ. ಗಾಳಿ ತುಂಬಿದ ಹಳೇ ಟ್ಯೂಬ್ ಎರಡು ನೀರಿನ ಮೇಲೆ ಸದಾ ತೇಲುತ್ತಿರಲಿ. ಬಿಸಿಲಿಗೆ ನೈಲಾನ್ ಹಗ್ಗ ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಮಸಾರಿ ಹೊಲ

ಎಲ್ಲರಿಗೂ ಶರಣು. ಹೀಗೆ ಮಾಡುತ್ತೇನೆ: ಮೊದಲು ಟಿಪ್ಪಣಿ ಪ್ರತಿ ಮತ್ತು ಪೌತಿ ಖಾತೆ, ಒಪ್ಪಿಗೆ ಪತ್ರ. ಎಫ್‌ಐಡಿಯಲ್ಲಿ ಸರ್ವೆ ನಂಬರ್ ಸೇರಿಸಿ 18×18ಕ್ಕೆ ಅರ್ಜಿ. ಕಾರ್ಯಾದೇಶ ಬಂದ ಮೇಲೆ ಯಂತ್ರ. ಇಳಿಜಾರು 1.5:1. ಮಣ್ಣು ಭಟ್ಟಿಗೆ ಕೊಡುವುದಿಲ್ಲ. ತಳದಲ್ಲಿ ನೀರು ಇಂಗಿಸಿ ನೋಡಿ ಹಾಳೆ. ತಪ್ಪಿದ್ದರೆ ಹೇಳಿ.

ಲೆಕ್ಕದ ಹಾಳೆ

ಒಂದು ಬಿಟ್ಟಿತು. ಕಾರ್ಯಾದೇಶದ ಜೊತೆ ಬರುವ ಅಂದಾಜು ಪಟ್ಟಿಯಲ್ಲಿ ಇಳಿಜಾರು 1:1 ಎಂದಿದ್ದರೆ ಅಗೆತದ ಪ್ರಮಾಣ 684 ಘ.ಮೀ. ಎಂದಿರುತ್ತದೆ. ನೀವು 1.5:1 ಮಾಡಿದರೆ ಸಿಗುವುದು 567. ಅಳತೆಗೆ ಬಂದಾಗ 117 ಘ.ಮೀ. ಕಡಿಮೆ ಬಂತು ಎಂದು ಹಣ ಕಡಿತ ಆಗುತ್ತದೆ. ಅಗೆಯುವ ಮುನ್ನವೇ ಸಹಾಯಕ ಕೃಷಿ ಅಧಿಕಾರಿಗೆ ಮಣ್ಣು ತೋರಿಸಿ, ಇಳಿಜಾರು ಬದಲಿಸಿದ್ದನ್ನು ಪಟ್ಟಿಯಲ್ಲಿ ಬರೆಸಿಕೊಂಡು ಸಹಿ ಹಾಕಿಸಿ.

ಎರಿ ಮಣ್ಣು

ಬಾಯಿ ಮಾತಿನ್ಯಾಗ "ಆತು ಮಾಡ್ರಿ" ಅಂದ್ರ ನಂಬಬ್ಯಾಡ್ರಿ. ಅಳತಿಗೆ ಬರೂದ್ರಾಗ ಸಾಹೇಬ್ರ ವರ್ಗಾ ಆಗಿರ್ತಾರ.